ಕಪ್ಪೆ ಚೆನ್ನಿಗರಾಯನ ಸವಾರಿ

ನಮ್ಮ ಗಂಡಸಿ ಸೀಮೆಯ ಜನ ಯಾವುದನ್ನೂ ತಟ್ಟದೆ, ಕುಟ್ಟದೆ, ಮೂಸದೆ ಕೊಳ್ಳುವವರಲ್ಲ. ಮಡಕೆಯಾದರೆ ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳುತ್ತಾರೆ. ಬದನೆಕಾಯಿಯಾದರೆ ತೊಟ್ಟಿನ ಬುಡ ತಿರುಗಿಸಿ ಹುಳು ಹೊಕ್ಕ ತೂತು ಹುಡುಕುತ್ತಾರೆ. ಹಲಸಿನ ಹಣ್ಣಾದರೆ ತಟ್ಟಿ, ಮೂಸಿ, ಮತ್ತೆ ತಟ್ಟಿ, ಮಾರುವವನ ಮುಖ ನೋಡಿ, ‘ನಾಳೆ ಬರ್ತೀನಿ’ ಎಂದು ಹೊರಡುತ್ತಾರೆ. ನಾನು ಹೆಣ್ಣು ನೋಡಿ ಬಂದ ಮೂರನೆಯ ದಿನ ನನ್ನ ಮಾವನವರು ಯಾರಿಗೂ ಹೇಳದೆ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು, ಹೋಟೆಲಿನಲ್ಲಿ ಒಂದು ಟೀ ಕುಡಿದು, ನನ್ನ ಹೆಸರಿನಲ್ಲಿ ಬಾಕಿ ಎಷ್ಟಿದೆ ಎಂದು ಲೆಕ್ಕದ ಪುಸ್ತಕ ತೆಗೆಸಿ ನೋಡಿಕೊಂಡು ಹೋಗಿದ್ದರಂತೆ. ಹದಿನೇಳು ರೂಪಾಯಿ ಬಾಕಿ ಇತ್ತು. ಹದಿನೇಳೇ ರೂಪಾಯಿ ಇದ್ದದ್ದರಿಂದ ಮದುವೆ ಗಟ್ಟಿಯಾಯಿತು.

ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ. ತಿಪಟೂರು ಈ ಕಡೆ, ಹಾಸನ ಆ ಕಡೆ, ಅರಸೀಕೆರೆ ಹೀಗೆ, ಚನ್ನರಾಯಪಟ್ಟಣ ಹಾಗೆ ಎಂದು ಕೈ ತೋರಿಸುವ ಕಂಬ. ಆದರೆ ಕಂಬಕ್ಕಿಂತ ಹೆಚ್ಚಾಗಿ ಕೈ ತೋರಿಸುವವರು ಅದರ ಸುತ್ತ ನಿಂತಿರುವ ನಾವು. ಯಾರು ಏನು ಕೊಂಡು ತಂದರೂ ಅದು ಮನೆ ಸೇರುವ ಮುಂಚೆ ಈ ಜಾಗ ದಾಟಿಯೇ ಬರಬೇಕು. ದಾಟುವಷ್ಟರಲ್ಲಿ ಅದಕ್ಕೆ ಎಷ್ಟು ಕೊಟ್ಟಿರಬಹುದು, ಎಷ್ಟು ಕೊಡಬೇಕಾಗಿತ್ತು, ಎಷ್ಟು ಟೋಪಿ ಬಿದ್ದಿದೆ ಎಂಬ ಮೂರೂ ಲೆಕ್ಕ ಮುಗಿದಿರುತ್ತವೆ.

ಈ ಪರೀಕ್ಷಾ ಮಂಡಳಿಗೆ ಅಧ್ಯಕ್ಷರೆಂದರೆ ನಮ್ಮ ದೊಡ್ಡಪ್ಪ. ಈಗ ಎಂಬತ್ತರ ಹತ್ತಿರ. ಒಂದು ಕಾಲದಲ್ಲಿ ಸುತ್ತಿನ ಜಾತ್ರೆಗಳಲ್ಲಿ ಎತ್ತು ಕೊಳ್ಳುವವರು ಅವರನ್ನು ಕರೆದುಕೊಂಡು ಹೋಗದೆ ಗೂಟದ ಹತ್ತಿರ ಸುಳಿಯುತ್ತಿರಲಿಲ್ಲ. ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿ ಕೂಡಿದ್ದೋ ನೋಡುವರು. ಬೆನ್ನ ಮೇಲೆ, ಹಣೆಯ ಮೇಲೆ ಸುಳಿ ಎಲ್ಲಿದೆ ಎಂದು ಬೆರಳಾಡಿಸುವರು. ಹತ್ತು ಹೆಜ್ಜೆ ನಡೆಸಿ ಹಿಂದಿನಿಂದ ಕಾಲಿನ ಜೋಡಣೆ ನೋಡುವರು. ಕೊನೆಗೆ ದಲ್ಲಾಳಿಯ ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಇಬ್ಬರಿಗೆ ಮಾತ್ರ. ಎತ್ತಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನು ಕೊಬ್ಬರಿ. ತಿಪಟೂರು ಮಾರ್ಕೆಟ್ಟಿಗೆ ಹೋಗುವ ಉಂಡೆ ಕೊಬ್ಬರಿ ಮರದಲ್ಲಿ ಬೆಳೆಯುವುದಿಲ್ಲ, ಅಟ್ಟದಲ್ಲಿ ಬೆಳೆಯುತ್ತದೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ, ಸುಮ್ಮನೆ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟ ಬಿಟ್ಟುಕೊಳ್ಳುತ್ತದೆ. ಆಗ ಕಾಯಿ ಎತ್ತಿ ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳಿ ‘ಗಟಗಟ’ ಎನ್ನುತ್ತದೆ. ಆ ಸದ್ದು ಕೇಳುವ ತನಕ ಯಾರೂ ಕಾಯಿ ಒಡೆಯುವುದಿಲ್ಲ. ನಮ್ಮೂರಲ್ಲಿ ನಡೆಯಲು ಕಲಿತ ಮಗುವೂ ಕಾಯಿ ಸಿಕ್ಕಿದರೆ ಮೊದಲು ಕಿವಿಗೆ ಹಿಡಿಯುತ್ತದೆ.

ಇಂಥ ಊರಿನಲ್ಲಿ, ಇಂಥ ದೊಡ್ಡಪ್ಪನ ಕಣ್ಣ ಮುಂದೆ ಬೆಳೆದ ನಾನು ಎರಡು ವರ್ಷದ ಹಿಂದೆ ಒಂದು ಕಾರು ಕೊಂಡೆ. ತಟ್ಟಲಿಲ್ಲ, ಮೂಸಲಿಲ್ಲ, ಅಲ್ಲಾಡಿಸಲಿಲ್ಲ. ನಿಜ ಹೇಳಬೇಕೆಂದರೆ, ನೋಡಲೂ ಇಲ್ಲ.

ಅದೂ ಎಂಥ ಕಾರು! ಎರಡೇ ಸೀಟಿನ ಸ್ಪೋರ್ಟ್ಸ್ ಕಾರು.

ಇದಕ್ಕೆ ಕಾರಣ ಹುಡುಕಬೇಕಾದರೆ ಬೆಂಗಳೂರಿಗೆ ಹೋಗಬೇಕು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ನಾನು ಅಲ್ಲಿ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಒಂದು ಸಂಜೆ ಎಂ.ಜಿ. ರೋಡಿನ ಸಿಗ್ನಲ್ಲಿನಲ್ಲಿ ಬಸ್ಸಿನ ಫುಟ್‌ಬೋರ್ಡಿಗೆ ಜೋತು ನಿಂತಿದ್ದಾಗ ಪಕ್ಕದಲ್ಲಿ ಒಂದು ಕೆಂಪು ಕಾರು ಬಂದು ನಿಂತಿತು. ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಮೇಲೆ ಛಾವಣಿ ಇರಲಿಲ್ಲ. ಒಳಗೆ ಇಬ್ಬರು ಕೂತಿದ್ದರು, ಮೂರನೆಯವರಿಗೆ ಜಾಗವೇ ಇರಲಿಲ್ಲ. ಒಬ್ಬರ ಮನೆಯ ಸಾಮಾನು, ಇನ್ನೊಬ್ಬರ ಗೊಬ್ಬರದ ಮೂಟೆ, ಮತ್ತೊಬ್ಬರ ಬಾಣಂತಿ, ಯಾರನ್ನೂ ಹತ್ತಿಸಿಕೊಳ್ಳಲಾಗದ ಒಂದು ವಾಹನ ಲೋಕದಲ್ಲಿ ಇದೆ ಎಂಬುದೇ ನನಗೆ ದೊಡ್ಡ ಸಮಾಧಾನವಾಗಿ ಕಂಡಿತು. ಸಿಗ್ನಲ್ ಬಿಟ್ಟಿತು. ಕಾರು ಹೋಯಿತು. ನನ್ನ ಸ್ಟಾಪೂ ಹೋಯಿತು.

ಆಮೇಲೆ ವಿಚಾರಿಸಿದೆ. ಅದು ಸ್ಯಾನ್ ಸ್ಟಾರ್ಮ್. ಫಾರಿನ್ನಿನದಲ್ಲ, ನಮ್ಮ ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನವರದೇ. ಇಂಜಿನ್ ಮಾತ್ರ ಫ್ರಾನ್ಸಿನ ರೆನೊ ಕಂಪನಿಯದು, 1149 ಸಿ.ಸಿ., ಸುಮಾರು 60 ಎಚ್.ಪಿ. ಮೈಯೆಲ್ಲ ಫೈಬರ್. ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಕರ್ನಾಟಕಕ್ಕೆ ಇಂಥ ಹುಚ್ಚು ಹೊಸದಲ್ಲ. ಬೆಂಗಳೂರಿನಲ್ಲೇ ಸಿಪಾನಿಯವರು ಬಾದಲ್ ಎಂಬ ಮೂರು ಗಾಲಿಯ ಫೈಬರ್ ಕಾರು ಮಾಡಿದ್ದರು. 1982ರಲ್ಲಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಕಾರು ತಂದರು, ಅದು ಹಗುರವಾಗಿದ್ದದ್ದಕ್ಕೆ ರ‍್ಯಾಲಿಗಳಲ್ಲಿ ಓಡುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಹೊರಗೆ ಬಿಟ್ಟಿತು. ಅದರ ಸದ್ದು ಕೇಳಿ ಊರಿನ ನಾಯಿಗಳಿಗೂ ಯಾರ ಮಗ ಬಂದ ಎಂದು ಗೊತ್ತಾಗುತ್ತಿತ್ತು. ಹೀಗೆ ಲಾಭನಷ್ಟದ ಲೆಕ್ಕ ಸರಿಯಾಗಿ ಬಾರದ ಒಂದು ಪ್ರೀತಿ ನಮ್ಮ ನಾಡಿನ ನೀರಿನಲ್ಲೇ ಇದೆ. ನಾನು ಆ ನೀರು ಕುಡಿದವನು.

ಅಪ್ಪ ತೀರಿಕೊಂಡ ಮೇಲೆ ಗಂಡಸಿಗೆ ವಾಪಸು ಬಂದು ತೋಟ ನೋಡಿಕೊಂಡೆ. ಮದುವೆಯಾಯಿತು, ಮಕ್ಕಳಾದವು, ಮಕ್ಕಳು ಓದಲು ಹೋದವು. ಐವತ್ತು ದಾಟಿದ ಮೇಲೆ ಒಂದು ದಿನ ಮೊಬೈಲಿನಲ್ಲಿ ಹಳೆಯ ಕೆಂಪು ಕಾರಿನ ಫೋಟೋ ಕಂಡಿತು. ‘ಮಾರಾಟಕ್ಕಿದೆ’ ಎಂದು ಕೆಳಗೆ ಬರೆದಿತ್ತು. ಫೋಟೋದಲ್ಲಿ ಕಾರಿನ ಮೇಲೆ ಬಿಸಿಲು ಬಿದ್ದಿತ್ತು, ಹಿಂದೆ ಬೋಗನ್‌ವಿಲ್ಲಾ ಹೂವಿತ್ತು. ಆ ಫೋಟೋ ಯಾವ ವರ್ಷದ್ದು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಗಂಡಿಗೆ ಹೆಣ್ಣಿನ ಅಕ್ಕನ ಫೋಟೋ ತೋರಿಸಿದ ಕಥೆಗಳನ್ನು ಕೇಳಿ ನಕ್ಕವನು ನಾನೇ.

ಫೋನು ಮಾಡಿದೆ. ಮಾರುವವನು ಬಹಳ ಒಳ್ಳೆಯ ಮನುಷ್ಯ, ಒಂದೂ ಸುಳ್ಳು ಹೇಳಲಿಲ್ಲ. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಭೂತಕಾಲ, ವರ್ತಮಾನಕಾಲ, ಭವಿಷ್ಯತ್ಕಾಲ ಎಂದು ಕಲಿಸಿದ್ದರು. ಆ ಪಾಠ ನೆನಪಿದ್ದಿದ್ದರೆ ಸಾಕಾಗಿತ್ತು. ‘ಇಂಜಿನ್ ಬೆಣ್ಣೆ ಥರ ಇತ್ತು ಸಾರ್’ ಎಂದ. ‘ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗೋದು’ ಎಂದ. ‘ರೋಡಲ್ಲಿ ಹೋದ್ರೆ ಜನ ತಿರುಗಿ ತಿರುಗಿ ನೋಡೋರು’ ಎಂದ. ಇತ್ತು, ಆಗೋದು, ನೋಡೋರು. ಇಡೀ ಕಾರು ಭೂತಕಾಲದಲ್ಲಿತ್ತು. ನಾನು ಅದನ್ನು ವರ್ತಮಾನಕ್ಕೆ ಅನುವಾದ ಮಾಡಿಕೊಂಡು ಕೇಳುತ್ತಿದ್ದೆ. ಭೂತ ಎಂಬುದು ಬರೀ ಕಾಲವಲ್ಲ, ಮೈಮೇಲೆ ಬರುವಂಥದ್ದೂ ಹೌದು ಎಂದು ಮೇಷ್ಟ್ರು ಕಲಿಸಿರಲಿಲ್ಲ.

‘ಏನಾದರೂ ಕೆಲಸ ಇದೆಯಾ?’ ಎಂದೆ. ‘ಚಿಲ್ಲರೆ ಕೆಲಸ ಸಾರ್’ ಎಂದ. ಆಮೇಲೆ ತಿಳಿದದ್ದು, ಚಿಲ್ಲರೆ ಕೆಲಸಕ್ಕೆ ನೋಟೇ ಬೇಕು.

‘ಒಂದು ಸಲ ಬಂದು ನೋಡಿ ಸಾರ್’ ಎಂದು ಅವನೇ ಹೇಳಿದ. ಆಗ ಬೀಗ ಹಾಕುವ ಮಾತು ನನ್ನ ಬಾಯಿಂದ ಬಂತು: ‘ಪರವಾಗಿಲ್ಲ, ನಾನು ಇದನ್ನು 1999ರಲ್ಲೇ ನೋಡಿದ್ದೇನೆ.’

ಕೊಬ್ಬರಿಯ ದುಡ್ಡು ಬಂದಿತ್ತು. ಮನೆಯಲ್ಲಿ ಎಂಬತ್ತು ಸಾವಿರ ಎಂದು ಹೇಳಿದೆ. ನಿಜವಾದ ಬೆಲೆ ಇಲ್ಲಿ ಬರೆಯುವ ಹಾಗಿಲ್ಲ, ನಮ್ಮ ಮನೆಯವಳೂ ಇದನ್ನು ಓದುತ್ತಾಳೆ.

ಕಾರು ಬಂದದ್ದು ಲಾರಿಯ ಮೇಲೆ, ಕ್ಯಾರೆಟ್ ಮೂಟೆಗಳ ಪಕ್ಕದಲ್ಲಿ. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಹ್ಯಾಂಡ್‌ಪೋಸ್ಟಿನಲ್ಲಿ ಬೆಳಗಿನ ಬಸ್ಸಿಗೆ ಕಾಯುವ ಜನ ಬಸ್ಸು ಬಿಟ್ಟು ಇದನ್ನು ನೋಡಲು ನಿಂತರು. ಲಾರಿಯಿಂದ ಇಳಿಸಲು ಸ್ಟಾರ್ಟ್ ಮಾಡಬೇಕಾಗಿಲ್ಲ, ‘ಹಾಗೇ ಉರುಳುತ್ತೆ’ ಎಂದು ಡ್ರೈವರು ಹೇಳಿದಾಗ ನನಗೆ ಮೊದಲ ಸಲ ಹೊಟ್ಟೆಯಲ್ಲಿ ಏನೋ ಉರುಳಿತು. ಕಾಯಿ ತುಂಬುವ ಹಲಗೆ ತಂದು, ಎಂಟು ಜನ ಹಿಡಿದು ಇಳಿಸಿದರು. ಫೋಟೋದಲ್ಲಿ ಕೆಂಪಾಗಿದ್ದದ್ದು ಇಲ್ಲಿ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಮೇಲ್ಛಾವಣಿಯ ಬದಲಿಗೆ ನೀಲಿ ಟಾರ್ಪಲು ಕಟ್ಟಿತ್ತು. ಹದಿನಾಲ್ಕು ವರ್ಷ ಹುಣಸೆಮರದ ಕೆಳಗೆ ನಿಂತಿತ್ತಂತೆ. ಮಾಡಿದವರನ್ನು ದೂರಬಾರದು. ಹದಿನಾಲ್ಕು ವರ್ಷ ಹುಣಸೆಮರದ ಕೆಳಗೆ ನಿಲ್ಲಿಸಿದ್ದರೆ ನಾನೂ ಇದಕ್ಕಿಂತ ಚೆನ್ನಾಗಿ ಇರುತ್ತಿರಲಿಲ್ಲ. ಶ್ರೀರಾಮನಾದರೂ ಹದಿನಾಲ್ಕು ವರ್ಷ ಓಡಾಡಿಕೊಂಡಿದ್ದ.

ಒಬ್ಬ ಬಂದು ಬಾನೆಟ್ಟಿನ ಮೇಲೆ ತಟ್ಟಿದ. ಡಬ್ ಡಬ್ ಎಂದಿತು. ‘ಇದು ನೀರಿನ ಟ್ಯಾಂಕಿನ ಮಾಲು ಕಣ್ರೋ!’ ಎಂದ. ಇನ್ನೊಬ್ಬ ಒಳಗೆ ಇಣುಕಿ, ‘ಮೂಟೆ ಎಲ್ಲಿ ಹಾಕ್ತೀರಣ್ಣ?’ ಎಂದ. ‘ಮೂಟೆ ಹಾಕುವ ಕಾರಲ್ಲ’ ಎಂದೆ. ಅವನು ನನ್ನನ್ನು ನೋಡಿದ ರೀತಿಯಲ್ಲಿ ಕನಿಕರ ಇತ್ತು.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಜನ ದಾರಿ ಬಿಟ್ಟರು. ಟವೆಲ್ ಹೆಗಲ ಮೇಲೆ ಸರಿ ಮಾಡಿಕೊಂಡು ಒಂದು ಸುತ್ತು ಹಾಕಿದರು. ಟೈರುಗಳ ಮೇಲೆ ಹೆಬ್ಬೆಟ್ಟು ಒತ್ತಿ, ‘ಹಲ್ಲು ಒಂದೂ ಇಲ್ಲ. ಬಾಯಿ ಕೂಡಿ ಉದುರೂ ಹೋಗವೆ’ ಎಂದರು. ‘ಎಷ್ಟು ಎಚ್ಪಿ?’ ಎಂದು ಕೇಳಿದರು. ‘ಅರವತ್ತು’ ಎಂದೆ, ಕೊಂಚ ಎದೆಯುಬ್ಬಿಸಿಯೇ. ‘ನಮ್ಮ ಟ್ರ್ಯಾಕ್ಟ್ರು ಮೂವತ್ತೈದು. ಟ್ರೈಲರ್ ತುಂಬ ಗೊಬ್ಬರ ಎಳೀತೈತೆ. ಇದು ಅರವತ್ತು ಇಟ್ಕಂಡು ತನ್ನನ್ನ ತಾನೇ ಎಳ್ಕಳಕ್ಕೆ ಆಗ್ಲಿಲ್ವಾ?’ ಎಂದರು.

ಕೊನೆಗೆ ಕಾರಿನ ಹಿಂಬದಿ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಒಳಗೆಲ್ಲೋ ಗಟಗಟ ಎಂದಿತು. ಸುತ್ತ ನಿಂತಿದ್ದವರೆಲ್ಲ ಒಂದೇ ಸಲ ಕಿವಿ ನಿಮಿರಿಸಿದರು. ಅದು ನಮಗೆ ಹುಟ್ಟಿನಿಂದ ಗೊತ್ತಿರುವ ಸದ್ದು. ದೊಡ್ಡಪ್ಪ ಕೈ ಒರೆಸಿಕೊಂಡು ತೀರ್ಪು ಕೊಟ್ಟರು:

‘ಕೊಬ್ಬರಿ ಆಗೈತೆ ಕಣಪ್ಪ. ಒಡೆಸು.’

ಒಡೆಯಲು ಬಂದವನು ಹ್ಯಾಂಡ್‌ಪೋಸ್ಟಿನ ಗ್ಯಾರೇಜಿನ ಹುಡುಗ. ಇಪ್ಪತ್ತು ದಾಟಿರಲಿಲ್ಲ. ಟ್ರ್ಯಾಕ್ಟರು, ಟಿ.ವಿ.ಎಸ್. ಮೊಪೆಡ್ಡು, ಬೋರ್‌ವೆಲ್ಲಿನ ಮೋಟಾರು ಯಾವುದನ್ನಾದರೂ ಬಿಚ್ಚಿ ಜೋಡಿಸುವವನು. ಇಂಥ ಕಾರನ್ನು ಜನ್ಮದಲ್ಲಿ ಮುಟ್ಟಿರಲಿಲ್ಲ. ಆದರೂ ಅವನು ಒಂದು ಸುತ್ತು ಹಾಕಿ, ಡಿಕ್ಕಿಯ ಹತ್ತಿರ ನಿಂತು, ಮೂಗು ಅರಳಿಸಿ, ‘ಅಣ್ಣ, ಇದರೊಳಗೆ ಜೀವ ಐತೆ’ ಎಂದ. ಸದ್ಯ, ಜೀವ ಇದೆಯಲ್ಲ ಎಂದು ನನಗೆ ಖುಷಿಯಾಯಿತು. ಅವನು ಹೇಳಿದ್ದು ಬೇರೆ ಅರ್ಥದಲ್ಲಿ. ಸ್ಕ್ರೂಡ್ರೈವರ್ ಹಾಕಿ ಮೀಟಿ ಡಿಕ್ಕಿ ಎತ್ತಿದ. ಒಳಗೆ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಂದು ಬಿಂದಿಗೆ ನೀರು ನಿಂತಿತ್ತು, ತಳದಲ್ಲಿ ಮರಳು. ಆ ನೀರಿನಿಂದ ಒಂದು ದಪ್ಪ ಕಪ್ಪೆ ನೆಗೆದು ಬಂಪರಿನ ಮೇಲೆ ಕೂತು, ಸೇರಿದ್ದ ಜನರನ್ನೆಲ್ಲ ಒಮ್ಮೆ ನೋಡಿ, ಕ್ಯಾರೆಟ್ ಲಾರಿಯ ಕೆಳಗೆ ಹೋಯಿತು.

ಯಾರೂ ಮಾತಾಡಲಿಲ್ಲ. ಆಗ ಹಿಂದಿನಿಂದ ನಮ್ಮ ಮನೆಯವಳ ದನಿ ಕೇಳಿತು:

‘ಓಹೋ, ಕಪ್ಪೆ ಚೆನ್ನಿಗರಾಯ.’

ಬೇಲೂರಿನ ಕಥೆ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಜಕಣಾಚಾರಿ ಕೆತ್ತಿದ ಚೆನ್ನಿಗರಾಯನ ಮೂರ್ತಿಯಲ್ಲಿ ದೋಷವಿದೆ ಎಂದು ಎಲ್ಲಿಂದಲೋ ಬಂದ ಒಬ್ಬ ಹುಡುಗ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎನ್ನುತ್ತಾನೆ ಜಕಣ. ಹುಡುಗ ಮೂರ್ತಿಗೆಲ್ಲ ಗಂಧ ಬಳಿಯುತ್ತಾನೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಕಪ್ಪೆ. ಆ ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿಯುವುದು ಕೈ ಹೋದ ಮೇಲೆ. ಇದು ಇತಿಹಾಸವಲ್ಲ, ಕಥೆ ಎಂದು ಪಂಡಿತರು ಹೇಳುತ್ತಾರೆ. ಕಥೆಯೇ ಇರಲಿ. ಆದರೆ ದುಡ್ಡು ಕೊಡುವ ಮುಂಚೆ ಮಾಲನ್ನು ಪರೀಕ್ಷೆ ಮಾಡಿಸಬೇಕು, ಅದೂ ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿನಿಂದ ಮಾಡಿಸಬೇಕು ಎಂದು ಇಷ್ಟು ಚೆನ್ನಾಗಿ ಹೇಳಿದ ಕಥೆ ನನಗೆ ಬೇರೆ ಗೊತ್ತಿಲ್ಲ. ಶಾಲೆಯ ಟೂರಿನಲ್ಲಿ ಮೂರು ಸಲ, ನೆಂಟರ ಜೊತೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಬೇಲೂರಿಗೆ ಹೋಗಿ ಗೈಡಿನ ಬಾಯಲ್ಲಿ ಅದನ್ನು ಕೇಳಿದವನು ನಾನು. ಕಪ್ಪೆಯನ್ನು ನೋಡಿದೆ, ನೀತಿಯನ್ನು ನೋಡಲಿಲ್ಲ.

ಅಂದಿನಿಂದ ಕಾರಿನ ಹೆಸರು ಕಪ್ಪೆ ಚೆನ್ನಿಗರಾಯ. ಹುಡುಗನ ಹೆಸರು ಡಂಕಣ. ನನ್ನ ಬಲಗೈ ಉಳಿಯಿತು, ಏಕೆಂದರೆ ಅದರಲ್ಲಿ ಪರ್ಸು ತೆಗೆಯುವುದು ಇನ್ನೂ ಬಾಕಿ ಇತ್ತು.

ಪರೀಕ್ಷೆಯ ಪಾಠ ನಾನು ಓದಿದ್ದು ಆಮೇಲೆ. ಮದುವೆಯಾದ ಮೇಲೆ ಜಾತಕ ತೋರಿಸಿದ ಹಾಗೆ. ಹಳೆಯ ಕಾರು ನೋಡಲು ಹೋದರೆ ಇಂಜಿನ್ ತಣ್ಣಗಿರುವಾಗಲೇ ಹೋಗಬೇಕಂತೆ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದರ್ಥ. ನನ್ನದು ಹದಿನಾಲ್ಕು ವರ್ಷದಿಂದ ತಣ್ಣಗೇ ಇತ್ತು, ಆ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಇಂಜಿನ್ ಆಯಿಲ್ಲಿನ ಮುಚ್ಚಳ ಬಿಚ್ಚಿ ನೋಡಬೇಕಂತೆ. ಅದರ ಒಳಗೆ ಬಿಳಿ ನೊರೆ ಕಂಡರೆ ಆಯಿಲ್ಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನಾನು ಬಿಚ್ಚಿದೆ. ಮೊದಲು ಇಂಜಿನ್ ಬೆಣ್ಣೆ ಥರ ಇತ್ತು ಎಂದು ಅವನು ಹೇಳಿದ್ದನಲ್ಲ, ಈಗ ಮಜ್ಜಿಗೆ ಆಗಿತ್ತು.

ಇನ್ನೊಂದು, ಮ್ಯಾಗ್ನೆಟ್ ಪರೀಕ್ಷೆ. ಕಾರಿನ ಮೈಮೇಲೆ ಅಯಸ್ಕಾಂತ ಆಡಿಸಬೇಕು. ತಗಡು ಇದ್ದಲ್ಲಿ ಅಂಟುತ್ತದೆ, ಪಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದರೆ ಅಂಟುವುದಿಲ್ಲ. ಮಗನ ಹಳೆಯ ಸೈನ್ಸ್ ಕಿಟ್ಟಿನಿಂದ ಅಯಸ್ಕಾಂತ ತಂದು ಬಾನೆಟ್ಟಿಗೆ ಹಿಡಿದೆ. ಬಿದ್ದುಹೋಯಿತು. ಬಾಗಿಲಿಗೆ ಹಿಡಿದೆ, ಬಿತ್ತು. ಇಡೀ ಕಾರಿನ ಮೇಲೆ ಆಡಿಸಿದೆ, ಎಲ್ಲೂ ನಿಲ್ಲಲಿಲ್ಲ. ಕಾರೇ ಇಲ್ಲ, ಬರೀ ಪಟ್ಟಿಯನ್ನೇ ಕಾರಿನ ಆಕಾರಕ್ಕೆ ಮೆತ್ತಿ ಕಳಿಸಿದ್ದಾನೆ ಎಂದು ನನ್ನ ಕೈಕಾಲು ತಣ್ಣಗಾಯಿತು. ಅರ್ಧ ಗಂಟೆಯ ಮೇಲೆ ಡಂಕಣ ಬಂದು, ‘ಅಣ್ಣ, ಇದು ಫೈಬರ್ ಅಲ್ವಾ?’ ಎಂದ. ಆ ದಿನ ನನಗೆ ಸಿಕ್ಕಿದ ಒಂದೇ ಒಳ್ಳೆಯ ಸುದ್ದಿ ಅದು: ಮೈಗೆ ತುಕ್ಕು ಹಿಡಿಯುವುದಿಲ್ಲ. ತುಕ್ಕೆಲ್ಲ ಕೆಳಗಿನ ಚಾಸಿಯಲ್ಲಿ ಕೂಡಿತ್ತು.

ನಮ್ಮ ಕಡೆಯ ದೇವಸ್ಥಾನಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡ ಹಾಗೆ ಗಟ್ಟಿಯಾಗುತ್ತದಂತೆ. ಹೊಯ್ಸಳ ಶಿಲ್ಪಿಗಳು ಅಷ್ಟು ಸಣ್ಣ ಕುಸುರಿ ತೆಗೆದದ್ದು ಅದಕ್ಕೇ. ನನ್ನ ಕಾರಿನ ನಟ್ಟು ಬೋಲ್ಟುಗಳೂ ಅದೇ ಜಾತಿಯವು. ಗಾಳಿಮಳೆಗೆ ಒಡ್ಡಿಕೊಂಡು ಕಲ್ಲಾಗಿದ್ದವು. ಡಂಕಣ ಡೀಸೆಲ್ ಹಾಕಿ ನೆನೆಸಿದ, ಬ್ಲೋ ಲ್ಯಾಂಪಿನಲ್ಲಿ ಕಾಯಿಸಿದ, ಕೊನೆಗೆ ಉಳಿ ಸುತ್ತಿಗೆ ತೆಗೆದುಕೊಂಡ. ಉಳಿಯ ಸದ್ದು ಕೇಳಿ ನಮ್ಮ ಅಮ್ಮ, ‘ದೇವರ ಕೆಲಸ ನಡೀತಾ ಐತೇನೋ?’ ಎಂದು ಒಳಗಿನಿಂದ ಕೇಳಿದರು.

ವೈರುಗಳನ್ನು ಇಲಿ ತಿಂದಿದ್ದವು. ಸೀಟಿನ ಸ್ಪಂಜನ್ನೂ ತಿಂದಿದ್ದವು. ಕೆಲಸ ನಿಂತಿದ್ದ ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಕೋಳಿಯೊಂದು ಪಕ್ಕದ ಸೀಟಿನ ಗುಂಡಿಯಲ್ಲಿ ಕಾವಿಗೆ ಕೂತಿತು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಾರದು ಎಂದು ಅಮ್ಮ ಅಪ್ಪಣೆ ಮಾಡಿದ್ದರಿಂದ ಇಪ್ಪತ್ತೊಂದು ದಿನ ಯಾರೂ ಕಾರು ಮುಟ್ಟಲಿಲ್ಲ. ಹನ್ನೊಂದು ಮರಿ ಆದವು. ಆ ಕಾರಿನಿಂದ ನಮಗೆ ಬಂದ ಆದಾಯ ಅಷ್ಟೇ.

ಸ್ಪೇರ್ ಪಾರ್ಟ್ಸಿಗೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. ಅಂಗಡಿಯವರು ಕಾರಿನ ಹೆಸರು ಕೇಳಿ, ನನ್ನ ಮುಖ ನೋಡಿ, ಒಳಗಿದ್ದ ವಯಸ್ಸಾದ ಯಜಮಾನರನ್ನು ಕರೆದರು. ಅವರು ಹೊರಗೆ ಬಂದು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ‘ಇನ್ನೂ ಇದೆಯಾ?’ ಎಂದು ಕೇಳಿದರು. ತೀರಿಹೋದ ಗೆಳೆಯನ ಮಗ ಎದುರಿಗೆ ಬಂದಾಗ ಕೇಳುವ ದನಿ ಅದು. ಈ ಇಂಜಿನ್ನಿನ ಅಣ್ಣತಮ್ಮಂದಿರು ಯುರೋಪಿನಲ್ಲಿ ಕ್ಲಿಯೊ, ಟ್ವಿಂಗೊ ಎಂಬ ಸಣ್ಣ ಕಾರುಗಳಲ್ಲಿ ಓಡಾಡಿದವಂತೆ. ಹಾಗಾಗಿ ನನ್ನ ಗ್ಯಾಸ್ಕೆಟ್ಟು ಫ್ರಾನ್ಸಿನಿಂದ ಹೊರಟು, ಮುಂಬಯಿಯಲ್ಲಿ ಕೆಲವು ವಾರ ತಂಗಿ, ತಿಪಟೂರು ಬಸ್ಸಿನಲ್ಲಿ ಗಂಡಸಿಗೆ ಬಂತು. ನಮ್ಮ ವಂಶದಲ್ಲಿ ಫ್ರಾನ್ಸ್ ನೋಡಿದ ಮೊದಲ ಆಸ್ತಿ. ಸಿಗದೆ ಹೋದದ್ದನ್ನೆಲ್ಲ ಡಂಕಣ ಹೊಂದಿಸಿದ. ಒಂದು ಬುಷ್ಷು ಟ್ರ್ಯಾಕ್ಟರಿನದು, ಒಂದು ಪೈಪು ಹನಿ ನೀರಾವರಿಯದು. ಈಗ ಆ ಕಾರಿಗೆ ಗಂಡಸಿಯ ರಕ್ತವೂ ಕೂಡಿದೆ.

ಎಷ್ಟು ದಿನ ಎಂದು ಕೇಳುವವರಿಗೆ ನಾನು ಬೇಲೂರಿನ ಲೆಕ್ಕ ಹೇಳುತ್ತಿದ್ದೆ. ಆ ದೇವಸ್ಥಾನದ ಪ್ರತಿಷ್ಠೆ ಆದದ್ದು 1117ರಲ್ಲಿ, ಕೆಲಸ ಮುಗಿಯಲು 103 ವರ್ಷ ಹಿಡಿಯಿತು ಎಂದು ಗೈಡುಗಳು ಹೇಳುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರನಿಗಂತೂ ಶಿಖರವೇ ಇಲ್ಲ. ಆದರೂ 2023ರಲ್ಲಿ ಯುನೆಸ್ಕೊದವರು ಅವೆರಡನ್ನೂ ಸೋಮನಾಥಪುರವನ್ನೂ ಕೂಡಿಸಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡರು. ಮೇಲೆ ಛಾವಣಿ ಏಕಿಲ್ಲ ಎಂದು ಯಾರೂ ಕೇಳಲಿಲ್ಲ. ಹಳೇಬೀಡಿಗೆ ಹೊರಟು ದಾರಿ ತಪ್ಪಿ ನಮ್ಮ ಕಡೆ ಬಂದ ಪ್ರವಾಸಿಗಳು ಒಮ್ಮೆ ನಮ್ಮ ಅಂಗಳದಲ್ಲಿ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ‘ಟಿಕೆಟ್ ಇಡ್ರೀ, ಹಾಕಿದ ದುಡ್ಡಾದ್ರೂ ಬರಲಿ’ ಎಂದಳು ನಮ್ಮ ಮನೆಯವಳು.

ಇಷ್ಟೆಲ್ಲ ಆದ ಮೇಲೆ ಕಾಗದಪತ್ರ. ಸ್ವಂತ ಕಾರಿನ ಆರ್.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಮುಂದೆ ಓಡಿಸಬೇಕಾದರೆ ಫಾರಂ 25 ತುಂಬಿ, ಗಾಡಿ ತೋರಿಸಿ, ಐದು ವರ್ಷಕ್ಕೆ ಊರ್ಜಿತ ಮಾಡಿಸಿಕೊಳ್ಳಬೇಕು. ಹೆಸರು ಬದಲಾವಣೆಗೆ ಫಾರಂ 29, ಫಾರಂ 30. ಕಾರಿಗಿಂತ ಕಾಗದ ಭಾರವಾಯಿತು. ಗಾಡಿ ತೋರಿಸುವ ದಿನ ಬಂತು. ಕೊಳ್ಳುವಾಗ ನಾನು ಮಾಡದೆ ಬಿಟ್ಟ ಪರೀಕ್ಷೆಯನ್ನು ಕೊನೆಗೆ ಸರ್ಕಾರವೇ ಮಾಡಿತು. ಬ್ರೇಕು, ಲೈಟು, ಹಾರನ್ನು, ಚಾಸಿ ನಂಬರು ಎಲ್ಲ ನೋಡಿ, ಇನ್ಸ್‌ಪೆಕ್ಟರು ಪೆನ್ನು ಜೇಬಿಗೆ ಇಟ್ಟುಕೊಂಡು, ‘ತಗೊಳ್ಳೋ ಮುಂಚೆ ನೋಡಿರಲಿಲ್ವಾ?’ ಎಂದು ಮೆಲ್ಲಗೆ ಕೇಳಿದರು. ‘ನೋಡಿದ್ದೆ ಸಾರ್, ಸ್ವಲ್ಪ ಮುಂಚೆಯೇ ನೋಡಿಬಿಟ್ಟಿದ್ದೆ’ ಎಂದೆ. ಪಾಸಾಯಿತು.

ಹಿಂತಿರುಗಿ ನೋಡಿದರೆ ಒಂದು ಮಾತು ಅನ್ನಿಸುತ್ತದೆ. ನಾವು ತಟ್ಟಿ ನೋಡುವುದು ನಮಗೆ ಬೇಕಾದದ್ದನ್ನು. ಮಡಕೆ ಬೇಕು, ಎತ್ತು ಬೇಕು, ಅಳಿಯ ಬೇಕು. ಸೋರಿದರೆ, ಕುಂಟಿದರೆ, ಕುಡಿದರೆ ಸಂಸಾರ ನಡೆಯುವುದಿಲ್ಲ. ಈ ಕಾರು ಯಾರಿಗೂ ಬೇಕಾಗಿರಲಿಲ್ಲ, ನನಗೂ. ಇದರಿಂದ ಒಂದು ಕಾಯಿಯೂ ಮಾರ್ಕೆಟ್ಟಿಗೆ ಹೋಗುವುದಿಲ್ಲ. ನೋಡಲು ಹೋಗಿದ್ದರೆ ಡಿಕ್ಕಿ ತೆಗೆಯುತ್ತಿದ್ದೆ, ಕಪ್ಪೆ ಕಾಣುತ್ತಿತ್ತು, ಬಸ್ಸು ಹತ್ತಿ ವಾಪಸು ಬರುತ್ತಿದ್ದೆ. ಬುದ್ಧಿವಂತನಾಗಿ ಉಳಿಯುತ್ತಿದ್ದೆ. ಐವತ್ತು ವರ್ಷ ಬುದ್ಧಿವಂತನಾಗಿದ್ದು ಬೇಜಾರಾಗಿದ್ದರಿಂದಲೇ, ನನ್ನೊಳಗಿನ ಯಾರೋ ನನ್ನನ್ನು ನೋಡಲು ಕಳಿಸಲಿಲ್ಲವೋ ಏನೋ.

ಹೋದ ಮುಂಗಾರಿನ ಒಂದು ಸಂಜೆ, ಮಳೆ ನಿಂತ ಮೇಲೆ, ಕಾರು ಅಂಗಳದಿಂದ ತೆಗೆದೆ. ಹದಿನಾಲ್ಕು ವರ್ಷ ಮತ್ತು ಹದಿನಾಲ್ಕು ತಿಂಗಳ ಮೇಲೆ ಅದರ ಇಂಜಿನ್ ಮಾತಾಡಿತ್ತು. ಸದ್ದಿಗೆ ದೊಡ್ಡಪ್ಪ ಜಗಲಿಯಿಂದ ಎದ್ದು ಬಂದರು. ಏನೂ ಹೇಳದೆ ಬಾಗಿಲು ತೆಗೆದು, ಬಾವಿಗೆ ಇಳಿಯುವವರ ಹಾಗೆ ಮೊದಲು ಒಂದು ಕಾಲು ಇಟ್ಟು, ಗೊಣಗಿಕೊಂಡು ಕೆಳಗೆ ಕೂತರು. ‘ನೆಲದ ಮೇಲೆ ಕೂತಂಗೆ ಐತೆ’ ಎಂದರು. ಟವೆಲ್ ತೆಗೆದು ತಲೆಗೆ ಬಿಗಿದುಕೊಂಡು, ‘ನಡಿ’ ಎಂದರು.

ಹ್ಯಾಂಡ್‌ಪೋಸ್ಟ್ ದಾಟಿದೆವು. ಟೀ ಅಂಗಡಿಯಲ್ಲಿದ್ದವರು ಗ್ಲಾಸು ಹಿಡಿದುಕೊಂಡೇ ಎದ್ದು ನಿಂತರು. ತೆಂಗಿನ ತೋಟಗಳ ನಡುವಿನ ರಸ್ತೆಯಲ್ಲಿ ಗಾಳಿ ಮುಖಕ್ಕೆ ಬಡಿಯಿತು. ಸ್ಪೀಡು ಅರವತ್ತೋ ಎಪ್ಪತ್ತೋ, ಮೀಟರು ಕೆಲಸ ಮಾಡುತ್ತಿರಲಿಲ್ಲ. ಎಂಬತ್ತರ ಹತ್ತಿರದ ದೊಡ್ಡಪ್ಪ ಒಂದು ಕೈ ಬಾಗಿಲ ಮೇಲೆ ಇಟ್ಟು ಜಾತ್ರೆಯಲ್ಲಿ ಗೆದ್ದ ಎತ್ತಿನ ಹಿಂದೆ ಬರುವವರ ಹಾಗೆ ಆ ಕಡೆ ಈ ಕಡೆ ನೋಡುತ್ತಿದ್ದರು. ‘ನಡಿಗೆ ಪರವಾಗಿಲ್ಲ’ ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಒಂದು ಕೆರೆ ಏರಿಯ ನಡುವೆ ಕಾರು ಕೆಮ್ಮಿತು, ನಡುಗಿತು, ನಿಂತಿತು. ಕೀಲಿ ತಿರುಗಿಸಿದೆ. ಇಲ್ಲ. ಕತ್ತಲಾಗುತ್ತಿತ್ತು. ಹೊಸ ನೀರು ಬಂದಿದ್ದ ಕೆರೆಯಲ್ಲಿ ಸಾವಿರ ಕಪ್ಪೆಗಳು ವಟಗುಟ್ಟುತ್ತಿದ್ದವು. ದೊಡ್ಡಪ್ಪ ಸ್ವಲ್ಪ ಹೊತ್ತು ಕೇಳಿ, ‘ಇದರ ಕಡೆಯವರು ಕರೀತಾವ್ರೆ ಅಂತ ನಿಂತೈತೆ’ ಎಂದರು.

ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಅವರು ತಲೆಯಿಂದ ಟವೆಲ್ ಬಿಚ್ಚಿ ನನ್ನ ಕೈಮೇಲೆ ಹೊದಿಸಿದರು. ಕೆಳಗಿನಿಂದ ತಮ್ಮ ಒರಟು ಕೈ ತಂದು ನನ್ನ ಬೆರಳುಗಳನ್ನು ಹಿಡಿದರು.

‘ಏರಿ ಮ್ಯಾಲೆ ಇರೋರು ನಾವಿಬ್ಬರೇ. ದಿಟ ಹೇಳು. ಎಷ್ಟು ಕೊಟ್ಟೆ?’

ಮನೆಯಲ್ಲಿ ಹೇಳದ ಲೆಕ್ಕವನ್ನು ಆ ಟವೆಲ್ಲಿನ ಕೆಳಗೆ ಬೆರಳಿನಲ್ಲಿ ಹೇಳಿದೆ. ಅವರು ಒಂದೊಂದೇ ಬೆರಳು ಒತ್ತಿ ಎಣಿಸಿದರು. ಅನುಮಾನ ಬಂದು ಇನ್ನೊಂದು ಸಲ ಎಣಿಸಿದರು. ಕಪ್ಪೆಗಳು ಕೂಗುತ್ತಲೇ ಇದ್ದವು. ಕೊನೆಗೆ ಟವೆಲ್ ತೆಗೆದು, ಕೊಡವಿ, ಹೆಗಲ ಮೇಲೆ ಹಾಕಿಕೊಂಡು ದೊಡ್ಡಪ್ಪ ಸ್ಟೇರಿಂಗಿನ ಕಡೆ ಕೈ ಚಾಚಿದರು.

‘ಇಳಿ. ನೀನು ತಳ್ಳು, ನಾನು ಹಿಡ್ಕಂತೀನಿ.’